ಇದ್ದರೂ ಕಾಣದ ಟ್ಯಾಗ್: ಲೋಹ ಮತ್ತು ನೀರಿನ ಬಳಿ ಆರ್‌ಎಫ್‌ಐಡಿ ರೀಡರ್ ಎಡವುವುದೇಕೆ?

ರಾತ್ರಿ ಒಡವೆ ಅಂಗಡಿ ಮುಚ್ಚುವ ಹೊತ್ತು. ಕೌಂಟರಿನ ಮೇಲೆ ಉಂಗುರಗಳ ಟ್ರೇ. ಪ್ರತಿ ಉಂಗುರಕ್ಕೂ ದಾರದಲ್ಲಿ ಕಟ್ಟಿದ ಪುಟ್ಟ ಚೀಟಿ, ಚೀಟಿಯೊಳಗೆ ಸಾಸಿವೆ ಕಾಳಿಗಿಂತ ಸಣ್ಣ ಚಿಪ್. ಕೆಲಸದ ಹುಡುಗಿ ಕೈಯಲ್ಲಿದ್ದ ರೀಡರನ್ನು ಟ್ರೇ ಮೇಲೆ ಆಡಿಸುತ್ತಾಳೆ. ಪರದೆಯಲ್ಲಿ 45 ಎಂದು ಬರುತ್ತದೆ. ಇರಬೇಕಾದದ್ದು 48. ಇನ್ನೊಮ್ಮೆ ಆಡಿಸಿದರೆ 46, ಮತ್ತೊಮ್ಮೆ 44. ಕೊನೆಗೆ ಒಂದೊಂದೇ ಉಂಗುರ ಎತ್ತಿಟ್ಟು ಎಣಿಸಿದಾಗ 48 ಉಂಗುರಗಳೂ ಟ್ರೇಯಲ್ಲೇ ಇವೆ.

ಪರಿಚಯದ ಹೆಣ್ಣುಮಗಳೊಬ್ಬಳು ಇದನ್ನು ಹೇಳಿದಾಗ ಅವಳ ದನಿಯಲ್ಲಿ ಯಂತ್ರದ ಮೇಲಿನ ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಮೂರು ಉಂಗುರ ಇಲ್ಲ ಎಂದು ಯಂತ್ರ ಹೇಳಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕೌಂಟರಿನಲ್ಲಿ ನಿಂತವಳ ಮೇಲೆ. ಆಸ್ಪತ್ರೆಯ ಉಗ್ರಾಣದಲ್ಲಿ ಸಲೈನ್ ಬಾಟಲಿ ಎಣಿಸುವವರಿಗೂ, ಕಾರ್ಖಾನೆಯಲ್ಲಿ ಉಕ್ಕಿನ ಬಿಡಿಭಾಗಗಳ ಲೆಕ್ಕ ಇಡುವವರಿಗೂ ಇದೇ ಪಾಡು. ಇಲ್ಲಿ ಯಾರೂ ಕದ್ದಿಲ್ಲ, ರೀಡರ್ ಕೆಟ್ಟೂ ಇಲ್ಲ. ಕಾರಣ ಇರುವುದು ಚಿನ್ನದಲ್ಲಿ, ಉಕ್ಕಿನಲ್ಲಿ, ಉಪ್ಪುನೀರಿನಲ್ಲಿ. ಅದು ಹೇಗೆ ಎಂಬುದನ್ನು ಈ ಉಪಕರಣ ಹಿಡಿದು ದುಡಿಯುವ ಪ್ರತಿಯೊಬ್ಬರೂ, ಅವರಿಂದ ಲೆಕ್ಕ ಕೇಳುವ ಪ್ರತಿಯೊಬ್ಬರೂ ತಿಳಿದಿರಬೇಕು.

ಟ್ಯಾಗ್‌ಗೆ ಸ್ವಂತ ಬೆಳಕಿಲ್ಲ

ಆರ್‌ಎಫ್‌ಐಡಿ ಎಂದರೆ ರೇಡಿಯೋ ಅಲೆಗಳ ಮೂಲಕ ವಸ್ತುವಿನ ಗುರುತು ಹಿಡಿಯುವ ವಿಧಾನ. ಅದರಲ್ಲಿ ಎರಡು ಪಾತ್ರಗಳು. ಒಂದು ಟ್ಯಾಗ್, ಅಂದರೆ ಚಿಪ್ ಮತ್ತು ಅದಕ್ಕೆ ಅಂಟಿದ ತೆಳು ಲೋಹದ ಗೆರೆಗಳ ಆಂಟೆನಾ. ಇನ್ನೊಂದು ರೀಡರ್. ಬಾರ್‌ಕೋಡ್‌ಗೆ ಕಣ್ಣಳತೆಯ ನೇರ ದಾರಿ ಬೇಕು. ರೇಡಿಯೋ ಅಲೆ ರಟ್ಟಿನ ಪೆಟ್ಟಿಗೆ, ಬಟ್ಟೆ, ಪ್ಲಾಸ್ಟಿಕ್‌ಗಳನ್ನು ದಾಟಿ ಹೋಗುವುದರಿಂದ ಒಂದೇ ಸಲಕ್ಕೆ ನೂರಾರು ಟ್ಯಾಗ್‌ಗಳನ್ನು ಓದಬಹುದು. ಅಂಗಡಿಗಳಿಗೆ ಇದು ಪ್ರಿಯವಾದದ್ದು ಆ ಕಾರಣಕ್ಕೆ.

ಸಾಮಾನ್ಯ ಟ್ಯಾಗ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ಹಾಗಾದರೆ ಉತ್ತರ ಕೊಡುವುದು ಹೇಗೆ? ಚಿಕ್ಕಂದಿನಲ್ಲಿ ಕನ್ನಡಿ ಚೂರು ಹಿಡಿದು ಬಿಸಿಲನ್ನು ಎದುರು ಮನೆಯ ಗೋಡೆಗೆ ಹಾಯಿಸಿದ್ದನ್ನು ನೆನಪಿಸಿಕೊಳ್ಳಿ. ಚೂರಿಗೆ ಸ್ವಂತ ಬೆಳಕಿಲ್ಲ. ಆದರೆ ಅದನ್ನು ಅತ್ತಿತ್ತ ತಿರುಗಿಸಿ ದೂರದ ಗೆಳೆಯನಿಗೆ ಸನ್ನೆ ಮಾಡಬಹುದು. ರೀಡರ್ ಸೂರ್ಯ, ಟ್ಯಾಗ್ ಕನ್ನಡಿ ಚೂರು. ಬಂದ ಅಲೆಯಿಂದ ಒಂದು ಪಾಲನ್ನು ಹೀರಿ ಚಿಪ್ ಎಚ್ಚರಗೊಳ್ಳುತ್ತದೆ. ಉಳಿದುದನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸುತ್ತ ತನ್ನ ಸಂಖ್ಯೆಯನ್ನು ತಿಳಿಸುತ್ತದೆ.

ಈ ವ್ಯವಹಾರ ಎಷ್ಟು ನಾಜೂಕಿನದು ಎನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ಕೈಯಲ್ಲಿ ಹಿಡಿಯುವ ರೀಡರ್ ಸಾಮಾನ್ಯವಾಗಿ 1 ವ್ಯಾಟ್‌ವರೆಗೆ ಶಕ್ತಿ ಹೊರಸೂಸುತ್ತದೆ. ಇಂದಿನ ಉತ್ತಮ ಚಿಪ್ ಎಚ್ಚರಗೊಳ್ಳಲು ಬೇಕಾದದ್ದು ಸುಮಾರು 10 ಮೈಕ್ರೋವ್ಯಾಟ್, ಅಂದರೆ ಲಕ್ಷದಲ್ಲಿ ಒಂದು ಪಾಲು. ಅಷ್ಟಾದರೂ ತಲುಪದಿದ್ದರೆ ಚಿಪ್ ಏಳುವುದೇ ಇಲ್ಲ. ನಿದ್ದೆಯಲ್ಲಿರುವ ಟ್ಯಾಗ್‌ಗೂ ಅಲ್ಲಿ ಇಲ್ಲದ ಟ್ಯಾಗ್‌ಗೂ ರೀಡರಿನ ಪಾಲಿಗೆ ಯಾವ ವ್ಯತ್ಯಾಸವೂ ಇಲ್ಲ. ಪರದೆಯ ಮೇಲಿನ 45 ಎಂಬ ಸಂಖ್ಯೆಯ ಅರ್ಥ ‘45 ಇವೆ’ ಎಂದಲ್ಲ, ‘45 ಉತ್ತರ ಕೊಟ್ಟವು’ ಎಂದು.

ಇನ್ನೊಂದು ಅಳತೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಭಾರತದಲ್ಲಿ ಈ ಬಗೆಯ ದೂರ ಓದುವ ರೀಡರ್‌ಗಳಿಗಾಗಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯನ್ನು (ಆವರ್ತನ ಎಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಬಳಿಕ ಅದು 868ರವರೆಗೆ ಹಿಗ್ಗಿತು. ಈ ಅಲೆಯ ಒಂದು ಪೂರ್ಣ ಏರಿಳಿತದ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಅರ್ಧ ಸುಮಾರು 17, ಕಾಲು ಭಾಗ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಮುಂದಿನ ಮಾತೆಲ್ಲ ಈ ಮೂರು ಸಂಖ್ಯೆಗಳ ಸುತ್ತಲೇ ಇದೆ.

ಕಂಬಕ್ಕೆ ಕಟ್ಟಿದ ಹಗ್ಗ

ಲೋಹ ಅಲೆಯನ್ನು ‘ತಡೆಯುತ್ತದೆ’ ಎಂದು ಹೇಳುವುದು ರೂಢಿ. ಟ್ಯಾಗ್ ಲೋಹದ ಆಚೆ ಬದಿಯಲ್ಲಿದ್ದರೆ ಅದು ಸರಿ. ಆದರೆ ಲೋಹದ ಮೇಲೆಯೇ, ರೀಡರಿನ ಎದುರಿಗೇ ಅಂಟಿಸಿದ ಟ್ಯಾಗ್ ಏಕೆ ಸತ್ತಂತೆ ಬಿದ್ದಿರುತ್ತದೆ? ಅಲ್ಲಿ ನಡುವೆ ಅಡ್ಡ ಬಂದದ್ದು ಏನೂ ಇಲ್ಲವಲ್ಲ?

ಒಂದು ಉದ್ದನೆಯ ಹಗ್ಗದ ತುದಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಂದೇ ಲಯದಲ್ಲಿ ಅಲ್ಲಾಡಿಸಿ. ಅಲೆ ಹೋಗುತ್ತದೆ, ಕಂಬಕ್ಕೆ ಬಡಿದು ತಲೆಕೆಳಗಾಗಿ ಹಿಂತಿರುಗುತ್ತದೆ. ಹೋಗುವ ಅಲೆ ಮತ್ತು ಬರುವ ಅಲೆ ಕೂಡಿಕೊಂಡಾಗ ಹಗ್ಗದ ಕೆಲವು ಜಾಗಗಳು ಜೋರಾಗಿ ಕುಣಿಯುತ್ತವೆ, ಕೆಲವು ಅಲುಗುವುದೇ ಇಲ್ಲ. ಕಂಬದ ಗಂಟಿನ ಬಳಿ ಗೆಜ್ಜೆಯೊಂದನ್ನು ಕಟ್ಟಿದರೆ ನೀವು ಎಷ್ಟೇ ಜೋರಾಗಿ ಅಲ್ಲಾಡಿಸಿದರೂ ಅದು ಸದ್ದು ಮಾಡದು. ಅದೇ ಗೆಜ್ಜೆಯನ್ನು ಅಲೆಯ ಕಾಲುಭಾಗದಷ್ಟು ಈಚೆಗೆ ತಂದು ಕಟ್ಟಿದರೆ ಎಲ್ಲಕ್ಕಿಂತ ಜೋರಾಗಿ ಮೊಳಗುತ್ತದೆ.

ಲೋಹದ ತಗಡು ರೇಡಿಯೋ ಅಲೆಗೆ ಆ ಕಂಬ. ಟ್ಯಾಗಿನ ಆಂಟೆನಾ ಗೆಜ್ಜೆ. ಲೋಹದೊಳಗೆ ಎಲೆಕ್ಟ್ರಾನ್‌ಗಳು ಸ್ವತಂತ್ರವಾಗಿ ಓಡಾಡುವುದರಿಂದ, ಅಲೆ ಬಂದ ಕೂಡಲೇ ಅವು ಸರಿದಾಡಿ ಮೇಲ್ಮೈಗುಂಟ ಇರುವ ವಿದ್ಯುತ್ ಕ್ಷೇತ್ರವನ್ನು ಅಳಿಸಿಬಿಡುತ್ತವೆ. ಮೇಲ್ಮೈಗೆ ಅಂಟಿಕೊಂಡ ಆಂಟೆನಾಕ್ಕೆ ಹೀರಲು ಏನೂ ಉಳಿಯುವುದಿಲ್ಲ. ಅದರ ಜೊತೆಗೆ ಆಂಟೆನಾದ ಶ್ರುತಿಯೂ ತಪ್ಪುತ್ತದೆ. ನಮ್ಮ ಅಲೆಯ ಲೆಕ್ಕದಲ್ಲಿ ತಗಡಿನಿಂದ ಸುಮಾರು ಒಂಬತ್ತು ಸೆಂಟಿಮೀಟರ್ ಈಚೆಗೆ ಟ್ಯಾಗ್ ಇದ್ದರೆ ಖಾಲಿ ಜಾಗಕ್ಕಿಂತಲೂ ಚೆನ್ನಾಗಿ ಓದಬಹುದು. 17 ಸೆಂಟಿಮೀಟರಿನ ಬಳಿ ಮತ್ತೆ ಮೌನದ ಜಾಗ. ಲೋಹ ಒಂದು ಕಡೆ ಕೆಡಿಸಿ ಇನ್ನೊಂದು ಕಡೆ ಸಹಾಯವನ್ನೂ ಮಾಡುತ್ತದೆ. ಉಕ್ಕಿನ ರ‍್ಯಾಕ್‌ಗಳ ನಡುವೆ ಒಂದು ಟ್ಯಾಗ್ ಚೆನ್ನಾಗಿ ಓದಿ, ಒಂದು ಗೇಣು ಪಕ್ಕದ ಟ್ಯಾಗ್ ಓದದೆ ಇರುವುದರ ಗುಟ್ಟು ಇದು.

ದಪ್ಪ ತಗಡೇ ಬೇಕೆಂದಿಲ್ಲ. ಈ ಅಲೆ ಅಲ್ಯೂಮಿನಿಯಂ ಒಳಗೆ ಇಳಿಯುವ ಆಳ ಸುಮಾರು 3 ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಮಾತ್ರೆ ಪಟ್ಟಿಯ ಹಾಳೆ, ಚಿಪ್ಸ್ ಪೊಟ್ಟಣದ ಒಳಗಿನ ಹೊಳಪು, ಟೆಟ್ರಾ ಪ್ಯಾಕಿನ ಅಲ್ಯೂಮಿನಿಯಂ ಪದರ ಎಲ್ಲವೂ ಲೋಹದ ಲೆಕ್ಕಕ್ಕೇ ಸೇರುತ್ತವೆ. ಜಾಲರಿಯೂ ಹಾಗೆಯೇ. ರಂಧ್ರಗಳು ಅಲೆಯ ಉದ್ದಕ್ಕಿಂತ ಬಹಳ ಸಣ್ಣದಾಗಿದ್ದರೆ ತಗಡಿಗೂ ಜಾಲರಿಗೂ ಹೆಚ್ಚು ಅಂತರವಿಲ್ಲ. ಮೈಕ್ರೋವೇವ್ ಒಲೆಯ ಬಾಗಿಲಿನಲ್ಲಿ ಇರುವ ಜಾಲರಿ ಇದೇ ನಂಬಿಕೆಯ ಮೇಲೆ ನಿಂತಿದೆ. ರೇಷ್ಮೆ ಸೀರೆಯ ಅಂಗಡಿಯವರು ಗಮನಿಸಬೇಕಾದ ಸಂಗತಿಯೂ ಇಲ್ಲಿದೆ: ಬೆಳ್ಳಿಯ ಎಳೆ ಸುತ್ತಿದ ಅಸಲಿ ಜರಿಯೂ ಲೋಹವೇ. ಟ್ಯಾಗನ್ನು ದಟ್ಟ ಜರಿಯ ಸೆರಗಿನೊಳಗೆ ಮಡಚಿಡುವ ಬದಲು ಬರಿಯ ರೇಷ್ಮೆಯ ಒಡಲಿನ ಕಡೆಗೆ ಇಟ್ಟರೆ ಎಣಿಕೆ ಸುಲಭವಾಗುತ್ತದೆ.

ಲೋಹವನ್ನೇ ಜೊತೆಗೆ ಸೇರಿಸಿಕೊಂಡ ಟ್ಯಾಗ್

ಲೋಹ ಹೀಗೆ ವರ್ತಿಸುತ್ತದೆ ಎಂದು ಗೊತ್ತಾದ ಮೇಲೆ ಪರಿಹಾರ ತಾನಾಗಿ ಹೊಳೆಯುತ್ತದೆ: ಗೆಜ್ಜೆಯನ್ನು ಗಂಟಿನಿಂದ ದೂರ ಸರಿಸುವುದು. ಒಂಬತ್ತು ಸೆಂಟಿಮೀಟರ್ ಎತ್ತರಿಸುವುದು ಎಲ್ಲ ಕಡೆ ಆಗದ ಮಾತು. ಆದರೆ ಕೆಲವೇ ಮಿಲಿಮೀಟರ್ ಅಂತರವೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಸ್ಟಿಕರಿನ ಅರ್ಧ ಭಾಗ ಮಾತ್ರ ವಸ್ತುವಿಗೆ ಅಂಟಿ, ಆಂಟೆನಾ ಇರುವ ಅರ್ಧ ಬಾವುಟದಂತೆ ಹೊರಗೆ ಚಾಚಿಕೊಂಡಿರುವ ಟ್ಯಾಗ್‌ಗಳಿವೆ. ಒಡವೆಗೆ ದಾರದಲ್ಲಿ ನೇತುಹಾಕುವ ಚೀಟಿಯ ಉದ್ದೇಶವೂ ಇದೇ. ಚೀಟಿ ಉಂಗುರದಿಂದ ದೂರಕ್ಕೆ ಇಳಿಬಿದ್ದಾಗ ಓದುತ್ತದೆ, ಉಂಗುರಕ್ಕೆ ಸುತ್ತಿಕೊಂಡಾಗ ಓದುವುದಿಲ್ಲ. ಒಂದರ ಮೇಲೊಂದು ಬಿದ್ದ ಚೀಟಿಗಳು ಪರಸ್ಪರ ನೆರಳು ಹಾಕುವುದು ಬೇರೆ. ಕಾಣೆಯಾದ ಮೂರು ಉಂಗುರಗಳ ಕಥೆ ಬಹುಮಟ್ಟಿಗೆ ಇಷ್ಟೇ.

ಉಕ್ಕಿನ ಯಂತ್ರ, ಗ್ಯಾಸ್ ಸಿಲಿಂಡರ್, ರೈಲಿನ ವ್ಯಾಗನ್ ಮುಂತಾದವಕ್ಕೆ ಬೇರೆಯೇ ರಚನೆಯ ಟ್ಯಾಗ್‌ಗಳಿವೆ. ಇವನ್ನು ಲೋಹದ ಮೇಲಿನ ಟ್ಯಾಗ್ ಎಂದೇ ಮಾರುತ್ತಾರೆ. ಇವುಗಳಲ್ಲಿ ಆಂಟೆನಾ ಮತ್ತು ತಳದ ನಡುವೆ ಫೋಮ್, ಪ್ಲಾಸ್ಟಿಕ್ ಅಥವಾ ಪಿಂಗಾಣಿಯ ಪದರವಿರುತ್ತದೆ. ಕೆಳಗಿನ ಲೋಹವೂ ಆಂಟೆನಾದ ಒಂದು ಅಂಗವಾಗಿ ಕೆಲಸ ಮಾಡುವಂತೆ ಅದನ್ನು ಲೆಕ್ಕ ಹಾಕಿ ಕಟ್ಟಿರುತ್ತಾರೆ. ಇಂಥ ಟ್ಯಾಗನ್ನು ಅದರ ಪಾಡಿಗೆ ಮರದ ಮೇಜಿನ ಮೇಲಿಟ್ಟು ಓದಿಸಿದರೆ ಅನೇಕ ಸಲ ಕಡಿಮೆ ದೂರಕ್ಕೆ ಓದುತ್ತದೆ, ಕಬ್ಬಿಣದ ಬೀರುವಿಗೆ ಅಂಟಿಸಿದರೆ ಹೆಚ್ಚು ದೂರಕ್ಕೆ. ಪಿಂಗಾಣಿಯವು ಬೆರಳ ಗಾತ್ರಕ್ಕೂ ಕಡಿಮೆ ಇರಬಲ್ಲವು, ಬಿಸಿಯನ್ನೂ ತಾಳಬಲ್ಲವು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು 134 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಶುದ್ಧಗೊಳಿಸುವಾಗ ಉಳಿದುಕೊಳ್ಳುವಂತೆ ಮಾಡಿದ ಟ್ಯಾಗ್‌ಗಳೂ ಇವೆ. ಗಾತ್ರ ಚಿಕ್ಕದಾದಷ್ಟೂ ಓದುವ ದೂರವೂ ಚಿಕ್ಕದಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ನೀರು ಮಾಡುವ ಕೆಲಸವೇ ಬೇರೆ

ಲೋಹ, ದ್ರವ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾದರೂ ಅವುಗಳ ವರ್ತನೆ ಒಂದೇ ಅಲ್ಲ. ಲೋಹಕ್ಕೆ ಮಾಡುವ ಮದ್ದು ನೀರಿಗೆ ಹಲವು ಸಲ ನಾಟದಿರುವುದು ಅದಕ್ಕೇ.

ಮೃದಂಗ ವಾದಕರು ಕಚೇರಿಗೆ ಮುಂಚೆ ಎಡಮುಖದ ಚರ್ಮಕ್ಕೆ ಕಲಸಿದ ರವೆ ಮೆತ್ತುತ್ತಾರೆ. ಚರ್ಮದ ಮೇಲೆ ಭಾರ ಕೂತ ಕೂಡಲೇ ನಾದ ಕೆಳಗಿಳಿಯುತ್ತದೆ. ನೀರಿನ ಬಾಟಲಿಗೆ ಅಂಟಿಸಿದ ಟ್ಯಾಗಿಗೆ ಆಗುವುದೂ ಇದೇ. ನೀರಿನ ಅಣುವಿಗೆ ಧನ ಮತ್ತು ಋಣ ತುದಿಗಳಿವೆ. ವಿದ್ಯುತ್ ಕ್ಷೇತ್ರ ಬದಲಾದಂತೆ ಅವು ಅದರೊಂದಿಗೆ ತಿರುಗುತ್ತವೆ. ಈ ಗುಣವನ್ನು ಅಳೆಯುವ ಮಾನದಲ್ಲಿ ಗಾಳಿಗೆ 1 ಇದ್ದರೆ ನೀರಿಗೆ ಸುಮಾರು 80. ಹಾಗಾಗಿ ನೀರಿನೊಳಗೆ ಅಲೆಯ ಉದ್ದ 35 ಸೆಂಟಿಮೀಟರಿನಿಂದ ನಾಲ್ಕು ಸೆಂಟಿಮೀಟರಿಗೆ ಕುಗ್ಗುತ್ತದೆ. ಗಾಳಿಯ ಲೆಕ್ಕದಲ್ಲಿ ಶ್ರುತಿ ಮಾಡಿದ ಆಂಟೆನಾ ನೀರಿಗೆ ತಾಗಿದ ಕ್ಷಣ ಬೇರೆ ಶ್ರುತಿಗೆ ಜಾರುತ್ತದೆ. ರೀಡರ್ 866ರಲ್ಲಿ ಕರೆಯುತ್ತಿದ್ದರೆ ಟ್ಯಾಗ್ ಅದಕ್ಕಿಂತ ಬಹಳ ಕೆಳಗಿನ ಸ್ಥಾಯಿಯಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ.

ಎರಡನೆಯ ತೊಂದರೆ, ನೀರಿನ ಮೇಲ್ಮೈ. ಅಲೆ ನೇರವಾಗಿ ನೀರಿಗೆ ಬಡಿದಾಗ ಅದರ ಶಕ್ತಿಯಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಹಿಂದಕ್ಕೇ ಪುಟಿಯುತ್ತದೆ. ಬಾಟಲಿಯ ಹಿಂದೆ ಇರುವ ಟ್ಯಾಗಿಗೆ ಉಳಿದ ಪಾಲಷ್ಟೇ ಗತಿ.

ಮೂರನೆಯದು ಹೀರಿಕೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಶುದ್ಧ ನೀರು ಈ ಅಲೆಯನ್ನು ಜನ ಅಂದುಕೊಂಡಷ್ಟು ಹೀರುವುದಿಲ್ಲ. ಸುಮಾರು ಹತ್ತು ಸೆಂಟಿಮೀಟರ್ ಸಾಗಿದಾಗ ಅರ್ಧ ಉಳಿಯುತ್ತದೆ. ಉಪ್ಪು ಬೆರೆತಾಗ ಚಿತ್ರವೇ ಬೇರೆ. ಆಸ್ಪತ್ರೆಯ ಶೇ 0.9ರ ಸಲೈನ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಸೆಂಟಿಮೀಟರಿಗೂ ಶಕ್ತಿ ಅರ್ಧವಾಗುತ್ತ ಹೋಗುತ್ತದೆ. ಎಂಟು ಸೆಂಟಿಮೀಟರ್ ದಪ್ಪದ ಬಾಟಲಿಯನ್ನು ದಾಟುವಷ್ಟರಲ್ಲಿ ಉಳಿಯುವುದು ಇನ್ನೂರೈವತ್ತರಲ್ಲಿ ಒಂದು ಪಾಲು. ಪೆಟ್ಟಿಗೆಯ ಹೊರಸಾಲಿನ ಬಾಟಲಿಗಳು ಓದಿ, ಹಿಂದಿನ ಸಾಲುಗಳು ಒಂದೂ ಓದದಿದ್ದರೆ ಆಶ್ಚರ್ಯಪಡಬೇಕಿಲ್ಲ.

‘ದ್ರವ’ ಎಂಬ ಒಂದೇ ಪದ ನಮ್ಮನ್ನು ದಾರಿ ತಪ್ಪಿಸುವ ಇನ್ನೊಂದು ಜಾಗವಿದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಸೀಮೆಎಣ್ಣೆ ಇವೂ ದ್ರವಗಳೇ. ಆದರೆ ನೀರಿಗೆ 80 ಇರುವ ಆ ಗುಣ ಎಣ್ಣೆಗೆ ಎರಡರಿಂದ ಮೂರು ಮಾತ್ರ, ಪ್ಲಾಸ್ಟಿಕ್‌ಗೆ ಸಮ. ಪ್ಲಾಸ್ಟಿಕ್ ಬಾಟಲಿಯ ಎಣ್ಣೆಯನ್ನು ರೀಡರ್ ಬಹುತೇಕ ಲೆಕ್ಕಿಸುವುದೇ ಇಲ್ಲ. ಹಾಲು, ಮಜ್ಜಿಗೆ, ಹಣ್ಣಿನ ರಸ, ಶಾಂಪೂ, ಉಪ್ಪಿನಕಾಯಿ ಇವು ನೀರಿನ ಬಳಗ. ಇನ್ನೂ ಸೋಜಿಗದ್ದು ಮಂಜುಗಡ್ಡೆ. ನೀರು ಹೆಪ್ಪುಗಟ್ಟಿದಾಗ ಅಣುಗಳಿಗೆ ತಿರುಗಲು ಸಡಿಲಿಕೆ ಇರುವುದಿಲ್ಲ, ಆ 80 ಇಳಿದು ಸುಮಾರು 3 ಆಗುತ್ತದೆ. ಶೀತಲ ಕೋಣೆಯಲ್ಲಿ ಗಟ್ಟಿಯಾಗಿದ್ದ ಪೆಟ್ಟಿಗೆ ಚೆನ್ನಾಗಿ ಓದಿ, ಹೊರಗೆ ತಂದು ಕರಗಲು ಶುರುವಾದ ಮೇಲೆ ಓದದಿದ್ದರೆ ಟ್ಯಾಗ್ ಕೆಟ್ಟಿತೆಂದು ಕಿತ್ತುಹಾಕಬೇಡಿ.

ನೀರಿನ ಬಳಗಕ್ಕೆ ಉಪಾಯವೆಂದರೆ ಗಾಳಿ ಇರುವ ಜಾಗ ಹುಡುಕುವುದು. ಬಾಟಲಿಯ ಕತ್ತು, ಮುಚ್ಚಳ, ದ್ರವದ ಮಟ್ಟಕ್ಕಿಂತ ಮೇಲಿನ ಭಾಗ. ಅದು ಆಗದಿದ್ದರೆ ಕೆಲವು ಮಿಲಿಮೀಟರ್ ದಪ್ಪದ ಫೋಮ್ ತುಂಡು. ಪೆಟ್ಟಿಗೆಯಲ್ಲಿ ಜೋಡಿಸುವಾಗ ಟ್ಯಾಗ್‌ಗಳು ಹೊರಮುಖವಾಗಿರಲಿ. ಒಳಸಾಲಿನ ಬಾಟಲಿಗಳನ್ನು ಹೊರಗಿನಿಂದ ಓದುವ ಆಸೆಯನ್ನು ಸಲೈನ್ ವಿಷಯದಲ್ಲಿ ಬಿಡುವುದೇ ಒಳ್ಳೆಯದು. ಮುಚ್ಚಿದ ಪೆಟ್ಟಿಗೆಗೆ ಒಂದು ಟ್ಯಾಗ್ ಹಾಕಿ, ಪೆಟ್ಟಿಗೆ ಒಡೆದ ಮೇಲೆ ಬಾಟಲಿ ಲೆಕ್ಕ ಇಡುವ ಪದ್ಧತಿ ಹೆಚ್ಚು ನಂಬಿಕಸ್ಥ.

ಆನೆಯ ಚರ್ಮದಡಿ ಓದುವುದು ಹೇಗೆ?

ದೇಹದಲ್ಲಿ ಬಹುಪಾಲು ಉಪ್ಪುನೀರೇ ಇರುವಾಗ, ಸಾಕುನಾಯಿಗಳಿಗೂ ಸಾಕಾನೆಗಳಿಗೂ ಚರ್ಮದಡಿ ಚುಚ್ಚುವ ಅಕ್ಕಿಕಾಳಿನಷ್ಟು ಚಿಪ್ ಹೇಗೆ ಓದುತ್ತದೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ: ಅದು ಬೇರೆ ಜಾತಿಯ ಆರ್‌ಎಫ್‌ಐಡಿ. ಪ್ರಾಣಿಗಳ ಚಿಪ್ ಕೆಲಸ ಮಾಡುವುದು 134.2 ಕಿಲೋಹರ್ಟ್ಸ್‌ನಲ್ಲಿ, ಅಂಗಡಿಯ ರೀಡರಿಗಿಂತ ಆರು ಸಾವಿರ ಪಟ್ಟು ಕೆಳಗೆ. ಅಲ್ಲಿ ದೂರ ಹಾರುವ ಅಲೆಯ ಮಾತೇ ಇಲ್ಲ. ರೀಡರಿನ ಸುರುಳಿ ಸುತ್ತಲೂ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಚಿಪ್ಪಿನ ಸುರುಳಿ ಅದರಿಂದ ವಿದ್ಯುತ್ ಪಡೆಯುತ್ತದೆ. ನೀರಿಗೆ ಕಾಂತೀಯ ಗುಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮಾಂಸ, ರಕ್ತ ಅಡ್ಡಿಯಾಗುವುದಿಲ್ಲ. ಬೆಲೆ ತೆರಬೇಕಾದದ್ದು ದೂರದಲ್ಲಿ. ರೀಡರನ್ನು ಚರ್ಮದ ಹತ್ತಿರಕ್ಕೇ ಒಯ್ಯಬೇಕು.

ನಡುವಿನದು 13.56 ಮೆಗಾಹರ್ಟ್ಸ್. ಮೆಟ್ರೋ ಕಾರ್ಡ್, ಬ್ಯಾಂಕಿನ ತಾಗಿಸುವ ಕಾರ್ಡ್, ಅನೇಕ ಗ್ರಂಥಾಲಯಗಳ ಪುಸ್ತಕದ ಟ್ಯಾಗ್ ಈ ವರ್ಗದವು. ಇದೂ ಕಾಂತಕ್ಷೇತ್ರದ ಕೆಲಸವಾದ್ದರಿಂದ ನೀರನ್ನು ಸಹಿಸುತ್ತದೆ. ರಕ್ತದ ಚೀಲಗಳಿಗೆ ಈ ಆವರ್ತನವನ್ನು ಆರಿಸಿಕೊಳ್ಳುವುದು ಅದಕ್ಕಾಗಿಯೇ. ಲೋಹದ ಎದುರು ಮಾತ್ರ ಇದಕ್ಕೂ ಬಿಡುಗಡೆಯಿಲ್ಲ: ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ಸುಳಿ ಮೂಲ ಕ್ಷೇತ್ರಕ್ಕೆ ಎದುರು ನಿಲ್ಲುತ್ತದೆ. ಪರ್ಸಿನಲ್ಲಿ ನಾಣ್ಯಗಳಿಗೆ ಒತ್ತಿಕೊಂಡ ಮೆಟ್ರೋ ಕಾರ್ಡ್ ಗೇಟಿನಲ್ಲಿ ಹಟ ಮಾಡುವುದು ಹೀಗೆ. ಇಲ್ಲಿ ಮದ್ದು ಫೆರೈಟ್ ಎಂಬ ಕಾಂತೀಯ ಹಾಳೆ. ಅದು ಕ್ಷೇತ್ರವನ್ನು ಲೋಹಕ್ಕೆ ತಾಗಗೊಡದೆ ತನ್ನೊಳಗಿನಿಂದಲೇ ಬಳಸಿ ಕಳಿಸುತ್ತದೆ. ನಿಮ್ಮ ಮೊಬೈಲಿನ ಹಿಂಬದಿಯಲ್ಲಿ, ಬ್ಯಾಟರಿ ಮತ್ತು ಕಾರ್ಡ್ ಓದುವ ಸುರುಳಿಯ ನಡುವೆ ಅಂಥದೊಂದು ಹಾಳೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಕೈಯಲ್ಲಿ ಹಿಡಿದ ಫಾಸ್ಟ್ಯಾಗ್

ದಿನವೂ ಕಾಣುವ ಉದಾಹರಣೆ ಟೋಲ್ ಗೇಟಿನಲ್ಲಿದೆ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದು 865 ಮೆಗಾಹರ್ಟ್ಸ್ ಪಟ್ಟಿಯ ಬ್ಯಾಟರಿರಹಿತ ಟ್ಯಾಗ್. ಮೇಲಿನ ರೀಡರ್ ಓದದಿದ್ದಾಗ ಸಿಬ್ಬಂದಿ ಕೈ ರೀಡರ್ ಹಿಡಿದು ಗಾಜಿನ ಬಳಿ ಬರುವುದನ್ನು ನೀವೂ ಕಂಡಿರುತ್ತೀರಿ.

2025ರ ಜುಲೈನಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಕ್ರಮ ಪ್ರಕಟಿಸಿತು. ದುರ್ಬಳಕೆ, ಗೇಟಿನಲ್ಲಿ ಆಗುವ ತಡ ಇವು ಅದರ ಹಿಂದಿನ ಕಾರಣಗಳು. ಭೌತವಿಜ್ಞಾನದ ಕಾರಣವೂ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಗಾಜಿಗೆ ಅಂಟಿಸುವ ಟ್ಯಾಗಿನ ಆಂಟೆನಾವನ್ನು ಗಾಜಿನ ಸಹವಾಸವನ್ನು ಲೆಕ್ಕಕ್ಕೆ ಹಿಡಿದೇ ಶ್ರುತಿ ಮಾಡಿರುತ್ತಾರೆ. ಅದನ್ನು ಬೆರಳುಗಳ ನಡುವೆ ಹಿಡಿದರೆ ಗಾಜು ತಪ್ಪಿ ಉಪ್ಪುನೀರು ತುಂಬಿದ ಕೈ ಅಂಟಿಕೊಂಡಂತಾಗುತ್ತದೆ. ಬಿಸಿಲ ಕಾವು ತಡೆಯಲು ಗಾಜಿಗೆ ತೆಳು ಲೋಹದ ಲೇಪ ಕೊಟ್ಟ ಕೆಲವು ಕಾರುಗಳಿವೆ. ಅವುಗಳಲ್ಲಿ ಕನ್ನಡಿಯ ಹಿಂದೆ ಲೇಪವಿಲ್ಲದ ಸಣ್ಣ ಜಾಗ ಬಿಟ್ಟಿರುವುದುಂಟು. ಟ್ಯಾಗ್ ಅಲ್ಲಿಗೇ ಸೇರಬೇಕು.

ಕೈ ರೀಡರ್ ಹಿಡಿಯುವ ಹದ

ಗೋಡೆಗೆ ಹಾಕಿದ ರೀಡರಿಗಿಂತ ಕೈ ರೀಡರಿಗೆ ಇರುವ ದೊಡ್ಡ ಅನುಕೂಲ ಅದನ್ನು ಹಿಡಿದವರ ಮಣಿಕಟ್ಟು. ಲೋಹದ ಸುತ್ತ ಮೌನದ ಜಾಗಗಳು ಕೆಲವು ಸೆಂಟಿಮೀಟರ್ ಅಂತರದಲ್ಲಿ ಬದಲಾಗುತ್ತವೆ ಎಂದೆನಲ್ಲ? ರೀಡರನ್ನು ನಾಲ್ಕೈದು ಬೆರಳಗಲ ಸರಿಸಿದರೂ, ಬೇರೆ ಕೋನಕ್ಕೆ ತಿರುಗಿಸಿದರೂ ಆ ಜಾಗಗಳು ಸ್ಥಳ ಬದಲಿಸುತ್ತವೆ. ನಿಂತಲ್ಲೇ ಗುಂಡಿ ಒತ್ತಿ ಹಿಡಿದು ಕಾಯುವುದಕ್ಕಿಂತ ನಿಧಾನವಾಗಿ, ಆರತಿ ಎತ್ತುವಂತೆ ಸುತ್ತಿಸುತ್ತ, ಎರಡು ಬದಿಯಿಂದ ಓದಿಸುವುದು ಮೇಲು. ಟ್ಯಾಗಿನ ಗೆರೆ ಮಲಗಿದೆಯೋ ನಿಂತಿದೆಯೋ ಎಂಬುದೂ ಮುಖ್ಯ. ಅದರ ತುದಿ ನೇರ ನಿಮ್ಮ ಕಡೆಗೇ ಚಾಚಿದ್ದರೆ ಅಲೆ ಅದಕ್ಕೆ ಸಿಗುವುದಿಲ್ಲ.

ಓದದಿದ್ದಾಗ ಎಲ್ಲರೂ ಮೊದಲು ಮಾಡುವ ಕೆಲಸ ಶಕ್ತಿ ಏರಿಸುವುದು. ಇದರಿಂದ ಸಿಗುವ ಲಾಭ ಅಂದುಕೊಂಡದ್ದಕ್ಕಿಂತ ಕಡಿಮೆ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಬಯಲಿನಲ್ಲಿಯೂ ಓದುವ ದೂರ ಸುಮಾರು ಶೇ 40ರಷ್ಟು ಮಾತ್ರ ಹೆಚ್ಚುತ್ತದೆ. ಲೋಹದ ಮೇಲ್ಮೈಯಲ್ಲಿ ಕ್ಷೇತ್ರವೇ ಅಳಿಸಿಹೋಗಿರುವಾಗ ಎಷ್ಟು ಏರಿಸಿದರೂ ಹೆಚ್ಚು ಫಲವಿಲ್ಲ. ಅದರ ಬದಲು ಉಕ್ಕಿನ ರ‍್ಯಾಕ್‌ಗಳಿಗೆ ಬಡಿದು ಪುಟಿದ ಅಲೆ ಪಕ್ಕದ ಸಾಲಿನ, ಕೆಲವೊಮ್ಮೆ ನಿಮ್ಮ ಬೆನ್ನ ಹಿಂದಿನ ಟ್ಯಾಗ್‌ಗಳನ್ನೂ ಓದಿಸಿ ಲೆಕ್ಕವನ್ನು ಇನ್ನಷ್ಟು ಕಲಕುತ್ತದೆ. ನನ್ನ ಅನುಭವದಲ್ಲಿ ಶಕ್ತಿ ತಗ್ಗಿಸಿ ಹತ್ತಿರ ಹೋಗುವುದೇ ಹೆಚ್ಚು ಸಲ ಗೆದ್ದಿದೆ. ತೀರಾ ಹತ್ತಿರವೂ ಬೇಡ. ರೀಡರಿನ ಮುಖವನ್ನು ತಗಡಿಗೆ ಒತ್ತಿ ಹಿಡಿದರೆ ರೀಡರಿನ ಆಂಟೆನಾದ ಶ್ರುತಿಯೂ ಕೆಡುತ್ತದೆ. ಒಂದು ಗೇಣಿನಷ್ಟು ಬಿಟ್ಟು ಹಿಡಿಯುವುದು ಹದ. ಇನ್ನೊಂದು ಕೈಯಿಂದ ಪೆಟ್ಟಿಗೆಯನ್ನು ಟ್ಯಾಗ್ ಇರುವ ಬದಿಯಲ್ಲೇ ಹಿಡಿಯಬೇಡಿ, ಕೈಯೂ ನೀರಿನ ಚೀಲವೇ.

ಟ್ಯಾಗ್ ಹುಡುಕಲು ರೀಡರುಗಳಲ್ಲಿ ‘ಹತ್ತಿರ ಬಂದಷ್ಟು ಬೇಗ ಕೂಗುವ’ ಸೌಲಭ್ಯವಿದೆ. ಅದು ಅಳೆಯುವುದು ದೂರವನ್ನಲ್ಲ, ಮರಳಿ ಬಂದ ಅಲೆಯ ಬಲವನ್ನು. ಲೋಹದ ಕಪಾಟುಗಳ ನಡುವೆ ಬಲವಾದ ಕೂಗು ಪ್ರತಿಫಲನದ ದಿಕ್ಕಿನಿಂದ ಬಂದಿರಬಹುದು. ಎರಡು ಮೂರು ಕಡೆಯಿಂದ ಕೇಳಿ ಹೋಲಿಸುವುದು ಒಳ್ಳೆಯದು.

ತಂತ್ರಾಂಶದ ಒಂದು ಆಯ್ಕೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ತರಗತಿಯಲ್ಲಿ ಹಾಜರಿ ಕೂಗುವಾಗ ಮುಂದಿನ ಸಾಲಿನ ಮಕ್ಕಳೇ ಮತ್ತೆ ಮತ್ತೆ ‘ಇದ್ದೇನೆ’ ಎನ್ನುತ್ತಿದ್ದರೆ ಹಿಂದಿನ ಸಾಲಿನ ಮೆಲುದನಿ ಕೇಳದು. ಒಮ್ಮೆ ಉತ್ತರಿಸಿದ ಟ್ಯಾಗ್ ಸ್ವಲ್ಪ ಹೊತ್ತು ಸುಮ್ಮನಿರುವಂತೆ ಮಾಡಬಹುದು. ರೀಡರಿನಲ್ಲಿ ಇದು ‘ಸೆಷನ್’ ಎಂಬ ಹೆಸರಿನಲ್ಲಿರುತ್ತದೆ, 0ಯಿಂದ 3ರವರೆಗೆ. ದೊಡ್ಡ ಎಣಿಕೆಗೆ 2 ಅಥವಾ 3 ಇಟ್ಟರೆ ನೀರಿಗೋ ಲೋಹಕ್ಕೋ ಅಂಟಿ ಸೊರಗಿದ ಟ್ಯಾಗ್‌ಗಳಿಗೂ ಸರದಿ ಸಿಗುತ್ತದೆ.

ಕೊಳ್ಳುವ ಮುನ್ನ

ಮಾರುವವರು ತೋರಿಸುವ ಪ್ರದರ್ಶನ ಸಾಮಾನ್ಯವಾಗಿ ರಟ್ಟಿನ ಪೆಟ್ಟಿಗೆ ಮತ್ತು ಖಾಲಿ ಬಾಟಲಿಗಳ ಮೇಲೆ. ಅದನ್ನು ನೋಡಿ ತೀರ್ಮಾನಿಸಬೇಡಿ. ಇಪ್ಪತ್ತು ಮೂವತ್ತು ಟ್ಯಾಗ್‌ಗಳನ್ನು ನಿಮ್ಮದೇ ತುಂಬಿದ ಬಾಟಲಿಗಳಿಗೆ, ನಿಮ್ಮದೇ ಉಕ್ಕಿನ ಕಪಾಟಿನಲ್ಲಿ, ದಿನವೂ ಜೋಡಿಸುವ ರೀತಿಯಲ್ಲೇ ಅಂಟಿಸಿ ಕೆಲವು ದಿನ ಎಣಿಸಿ ನೋಡಿ. ಯಾವ ಜಾಗದ ಟ್ಯಾಗ್ ಪದೇ ಪದೇ ತಪ್ಪುತ್ತದೆ ಎಂದು ಬರೆದಿಡಿ. ಲೋಹದ ಮೇಲಿನ ಟ್ಯಾಗ್ ಕೊಳ್ಳುವಾಗ ಅದು ಯಾವ ಆವರ್ತನಕ್ಕೆ ಮಾಡಿದ್ದು ಎಂದು ಕೇಳಲೇಬೇಕು. ಕಾಗದದ ಟ್ಯಾಗ್‌ಗಳು 860ರಿಂದ 960ರವರೆಗೆ ಹೇಗೋ ಹೊಂದಿಕೊಳ್ಳುತ್ತವೆ, ಲೋಹದವು ಹೊಂದಿಕೊಳ್ಳುವುದು ಕಡಿಮೆ. ಅಮೆರಿಕದ 902ರಿಂದ 928ಕ್ಕೆ ಶ್ರುತಿ ಮಾಡಿದ್ದು ನಮ್ಮ 865ರಲ್ಲಿ ಸೊರಗುತ್ತದೆ. ಹೊರದೇಶದಿಂದ ತಂದ ರೀಡರಿನಲ್ಲಿ ಪ್ರದೇಶದ ಆಯ್ಕೆಯನ್ನು ಭಾರತಕ್ಕೆ ಇಡುವುದು ಕಾನೂನಿನ ಅಗತ್ಯವೂ ಹೌದು, ಏಕೆಂದರೆ ಆ ಮೇಲಿನ ಪಟ್ಟಿಯ ಒಂದು ಭಾಗ ಇಲ್ಲಿ ಮೊಬೈಲ್ ಸೇವೆಯದು.

ಒಡವೆ ಅಂಗಡಿಯ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಟ್ರೇಯನ್ನು ಉಕ್ಕಿನ ತಿಜೋರಿಯ ಬಾಯಿಂದ ಹೊರಗೆ ಮರದ ಮೇಜಿಗೆ ತಾ. ಚೀಟಿಗಳೆಲ್ಲ ಒಂದು ಬದಿಗೆ ಇಳಿಬೀಳುವಂತೆ ಬಿಡಿಸಿ ಹರಡು. ಶಕ್ತಿ ತಗ್ಗಿಸಿ, ಒಂದು ಗೇಣು ಮೇಲಿನಿಂದ ಎರಡು ಕೋನದಲ್ಲಿ ಓದಿಸು. ಆಗಲೂ ಕಡಿಮೆ ಬಂದರೆ ರೀಡರಿನ ಪಟ್ಟಿ ತೆರೆದು ನೋಡು. ಎಷ್ಟು ತಪ್ಪಿದೆ ಎಂಬುದಷ್ಟೇ ಅಲ್ಲ, ಯಾವ ಸಂಖ್ಯೆಯ ಉಂಗುರ ಉತ್ತರ ಕೊಡಲಿಲ್ಲ ಎಂಬುದೂ ಅದರಲ್ಲಿ ಇರುತ್ತದೆ. ಮಾಲೀಕರ ಎದುರಿಗೆ 48 ಉಂಗುರಗಳನ್ನು ಮತ್ತೆ ಎಣಿಸಬೇಕಿಲ್ಲ. ಆ ಮೂರು ಸಂಖ್ಯೆಯ ಚೀಟಿಗಳನ್ನು ಟ್ರೇಯಲ್ಲಿ ಹುಡುಕಿ, ಚಿನ್ನದಿಂದ ಬಿಡಿಸಿ, ಒಂದೊಂದಾಗಿ ರೀಡರಿಗೆ ತೋರಿಸಿದರೆ ಸಾಕು.